ಮೂರರಲ್ಲಿ ನಡುವಿನದು

ಗುಬ್ಬಿಗೆ ಮೂವತ್ತಾರು ತುಂಬಿದ್ದರೂ ಮನೆಯಲ್ಲಿ ಅವಳು ಗುಬ್ಬಿಯೇ. ಬೆಳಗ್ಗೆ ಆರಕ್ಕೆ ರಕ್ತಪರೀಕ್ಷೆಯ ಲ್ಯಾಬಿಗೆ ಹೋದರೆ ಮಧ್ಯಾಹ್ನ ಮೂರರವರೆಗೆ ನಿಂತ ಕಾಲಿನಲ್ಲೇ ಕೆಲಸ. ದಿನಕ್ಕೆ ಎಂಬತ್ತು ತೋಳು. ಮುಷ್ಟಿ ಹಿಡೀರಿ, ಆ ಕಡೆ ನೋಡಿ, ಆಯ್ತು, ಬಿಡಿ ಎಂದು ಎಂಬತ್ತು ಸಲ ಹೇಳಿ ಮನೆಗೆ ಬಂದವಳಿಗೆ ಚಪ್ಪಲಿ ಬಿಡುವುದೂ ಒಂದು ಕೆಲಸವಾಗಿ ಕಾಣುತ್ತಿತ್ತು. ಆ ಸೋಮವಾರ ಹಾಗೆ ಬಂದು ನೋಡಿದರೆ ಊಟದ ಮೇಜಿನ ಮೇಲೆ ಒಂದು ಮೈಕು ನಿಂತಿತ್ತು. ಅದರ ಮುಂದೆ ಅಮ್ಮ ತಲೆ ಬಾಚಿಕೊಂಡು, ಇಸ್ತ್ರಿ ಮಾಡಿದ ಬಟ್ಟೆ ಉಟ್ಟು ಕೂತಿದ್ದಳು. ಮೈಕಿಗೇನು ಕಣ್ಣಿದೆಯಾ ಎಂದು ಕೇಳಬೇಕೆನಿಸಿತು ಗುಬ್ಬಿಗೆ. ಕೇಳುವಷ್ಟು ತ್ರಾಣ ಇರಲಿಲ್ಲ.

ಆ ಊರಿನಲ್ಲಿ ಬಸ್ಸು ಹತ್ತುವವರಿಗೆಲ್ಲ ಅಮ್ಮನ ದನಿ ಗೊತ್ತು, ಅಮ್ಮ ಗೊತ್ತಿಲ್ಲ. ಇಪ್ಪತ್ತೆಂಟು ವರ್ಷದ ಹಿಂದೆ ಅವಳು ಸಾರಿಗೆ ಕಚೇರಿಯಲ್ಲಿ ಪಾಸು ಕೊಡುವ ಕಿಟಕಿಯ ಹಿಂದೆ ಕೂರುತ್ತಿದ್ದಾಗ, ಬಸ್ಸುಗಳಲ್ಲಿ ನಿಲ್ದಾಣದ ಹೆಸರು ಹೇಳುವುದಕ್ಕೆ ಒಂದು ದನಿ ಬೇಕಾಯಿತು. ಹನ್ನೊಂದು ಹೆಂಗಸರನ್ನು ಓದಿಸಿ ನೋಡಿ ಅವಳನ್ನು ಆರಿಸಿದರು. ನಾಲ್ಕು ದಿನ ಸ್ಟುಡಿಯೋದಲ್ಲಿ ಕೂತು ಇನ್ನೂರ ಹದಿನಾಲ್ಕು ಹೆಸರು ಓದಿದಳು. ಮುಂದಿನ ನಿಲ್ದಾಣ, ಗಡಿಯಾರದ ಕಂಬ. ಮುಂದಿನ ನಿಲ್ದಾಣ, ಹೆರಿಗೆ ಆಸ್ಪತ್ರೆ. ಕೊನೆಗೆ ಎಲ್ಲ ನಿಲ್ದಾಣಕ್ಕೂ ಸೇರಿಸಿ ಒಂದು ಮಾತು: ದಯವಿಟ್ಟು ಹೆಜ್ಜೆ ನೋಡಿ ಇಳಿಯಿರಿ. ಅಂದಿನಿಂದ ಇಂದಿನವರೆಗೆ ಊರಿನ ಜನ ಆ ಮಾತು ಕೇಳಿಕೊಂಡೇ ಇಳಿಯುತ್ತಿದ್ದಾರೆ, ಹೆಜ್ಜೆಯನ್ನಂತೂ ಯಾರೂ ನೋಡುವುದಿಲ್ಲ.

ಆ ನಾಲ್ಕು ದಿನಕ್ಕಾಗಿ ಅಮ್ಮ ಅದಕ್ಕೂ ಮುಂಚೆ ಎರಡು ವಾರ ಮನೆಯಲ್ಲಿ ಬಾಯಿ ಬಿಟ್ಟಿರಲಿಲ್ಲ. ಗಂಟಲು ಉಳಿಸಬೇಕಿತ್ತಲ್ಲ. ಎಂಟು ವರ್ಷದ ಗುಬ್ಬಿಗೆ ಚೀಟಿ ಬರೆದು ಕೊಡುತ್ತಿದ್ದಳು: ಹಾಲು ಕುಡಿ, ಲೆಕ್ಕ ಮಾಡು, ಮಲಗು. ಮೂರನೆಯ ವಾರ ಬಾಯಿ ಬಂತು, ಬಂದದ್ದು ಬೈಗುಳವಾಗಿ. ಬೆಳಗ್ಗೆ ಶೂ ದಾರ ಕಟ್ಟಿಲ್ಲವೆಂದು ಬೈಸಿಕೊಂಡು ಬಸ್ಸು ಹತ್ತಿದರೆ, ಅದೇ ಅಮ್ಮ ತಲೆಯ ಮೇಲಿನ ಡಬ್ಬಿಯೊಳಗಿಂದ ಗುರುತಿಲ್ಲದ ನಲವತ್ತು ಜನರಿಗೆ ದಯವಿಟ್ಟು ಎನ್ನುತ್ತಿದ್ದಳು. ಮನೆಗೆ ಮಾರಿ, ಊರಿಗೆ ಉಪಕಾರಿ ಎಂಬ ಗಾದೆಯನ್ನು ಗುಬ್ಬಿ ಪುಸ್ತಕದಲ್ಲಿ ಓದುವುದಕ್ಕೆ ಮುಂಚೆ ಬಸ್ಸಿನಲ್ಲಿ ಕಲಿತಳು. ಹೆಜ್ಜೆ ನೋಡು ಎಂದು ಅವಳೊಬ್ಬಳಿಗೆ ಅಮ್ಮ ಯಾವತ್ತೂ ಹೇಳಿದ್ದಿಲ್ಲ. ಎಷ್ಟೋ ವರ್ಷ ಅದೊಂದು ಮುಳ್ಳು ಚುಚ್ಚಿಕೊಂಡೇ ಇತ್ತು. ಆಮೇಲೆ ದುಡಿಮೆ ಶುರುವಾಗಿ, ಮುಳ್ಳು ಎಲ್ಲಿದೆ ಎಂದು ಹುಡುಕುವುದಕ್ಕೂ ಬಿಡುವಿಲ್ಲದಂತಾಯಿತು.

ಈಗ ಊರಿನ ಅಂಚಿನಲ್ಲಿ ಹೊಸದಾಗಿ ಕಣ್ಣಾಸ್ಪತ್ರೆ ಎದ್ದಿತ್ತು. ಅಲ್ಲೊಂದು ನಿಲ್ದಾಣ. ಕಣ್ಣು ಕಾಣದವರೂ ಕಣ್ಣಿಗೆ ಪಟ್ಟಿ ಕಟ್ಟಿಕೊಂಡವರೂ ಇಳಿಯುವ ಜಾಗವಾದ್ದರಿಂದ ಹೆಸರು ಕೂಗಲೇಬೇಕು. ಕಚೇರಿಯ ಧ್ವನಿ ವಿಭಾಗದವರು ಹಳೆಯದರಿಂದಲೇ ತುಂಡು ಕತ್ತರಿಸಿ ಅಂಟಿಸಲು ನೋಡಿದರಂತೆ. ಆಸ್ಪತ್ರೆ ಸಿಕ್ಕಿತು, ಇನ್ನೂರ ಹದಿನಾಲ್ಕು ಹೆಸರಿನಲ್ಲಿ ಹುಡುಕಿದರೂ ಒಂದು ಕಣ್ಣು ಸಿಗಲಿಲ್ಲ. ಹಳೆಯ ಸ್ಟುಡಿಯೋ ಇದ್ದ ಜಾಗದಲ್ಲಿ ಈಗ ಜಿಮ್ಮು ಬಂದು ಜನ ಭಾರ ಎತ್ತುತ್ತಿದ್ದಾರೆ. ಹಾಗಾಗಿ ಮೈಕನ್ನೇ ಮನೆಗೆ ಕಳಿಸಿ, ಕಂಪ್ಯೂಟರಿಗೆ ಸಿಕ್ಕಿಸಿ ಒಂದೇ ಒಂದು ಸಾಲು ಓದಿ ಕಳಿಸಿ ಎಂದು ಬರೆದಿದ್ದರು. ಕಾಗದದ ಕೆಳಗೆ ಇನ್ನೊಂದು ಮಾತಿತ್ತು. ಎಲ್ಲ ನಿಲ್ದಾಣವೂ ಒಂದೇ ದನಿಯಲ್ಲಿರಬೇಕೆಂಬುದು ನಿಯಮ. ಶುಕ್ರವಾರ ಸಂಜೆ ಆರರೊಳಗೆ ಹಳೆಯದಕ್ಕೆ ಹೊಂದುವ ದನಿ ಬಾರದಿದ್ದರೆ, ಎಲ್ಲವನ್ನೂ ತೆಗೆದು ಯಂತ್ರದ ದನಿ ಹಾಕುವುದು.

ಅಮ್ಮ ಆ ಕಾಗದವನ್ನು ಎರಡು ಸಲ ಓದಿ ಮಡಿಸಿ ಇಟ್ಟಿದ್ದಳು. ಅವಳಾಗಿ ಬಸ್ಸು ಹತ್ತಿ ತನ್ನ ದನಿ ಕೇಳಿದವಳೇ ಅಲ್ಲ, ನನ್ನ ದನಿಗೆ ನಾನೇ ಟಿಕೆಟ್ ತೆಗೀಬೇಕಾ ಎಂದು ನಗುತ್ತಿದ್ದಳು, ಎಲ್ಲಿಗಾದರೂ ನಡೆದೇ ಹೋಗುತ್ತಿದ್ದಳು. ಆದರೆ ನಿವೃತ್ತಿಯಾಗಿ, ಮಂಡಿ ಹಿಡಿದುಕೊಂಡು, ಗಂಡನೂ ಹೋಗಿ, ಒಂದೊಂದೇ ಕಳಚಿಬಿದ್ದ ಮೇಲೆ ಅವಳ ಪಾಲಿಗೆ ಊರಿನಲ್ಲಿ ಉಳಿದದ್ದು ಅದೊಂದೇ. ಅದೂ ಹೋಗುತ್ತದೆಂದರೆ ಅವಳು ಹೇಗೆ ತಡೆದುಕೊಳ್ಳುತ್ತಾಳೆಂಬುದು ಗುಬ್ಬಿಗೆ ಗೊತ್ತಿರಲಿಲ್ಲ, ಗೊತ್ತುಮಾಡಿಕೊಳ್ಳುವ ಮನಸ್ಸೂ ಇರಲಿಲ್ಲ.

ಸೋಮವಾರ ಮೈಕು ಉಸಿರೇ ಬಿಡಲಿಲ್ಲ. ಅಮ್ಮ ಓದಿದಳು, ಗುಬ್ಬಿ ಕೇಳಿದಳು, ಫ್ಯಾನು ತಿರುಗುವ ಸದ್ದು, ಕುರ್ಚಿ ಕಿರುಗುಟ್ಟುವ ಸದ್ದು, ಅದರ ಹಿಂದೆಲ್ಲೋ ಬಾವಿಯೊಳಗಿಂದ ಎಂಬಂತೆ ಅಮ್ಮ. ಅರ್ಧ ಗಂಟೆ ವೈರು ಕಿತ್ತು ಸಿಕ್ಕಿಸಿ, ಕಿತ್ತು ಸಿಕ್ಕಿಸಿ ಮಾಡಿದ ಮೇಲೆ ಸೆಟ್ಟಿಂಗ್ಸ್ ತೆರೆದು ನೋಡಿದರೆ, ಲ್ಯಾಪ್‌ಟಾಪು ಹೊಸ ಮೈಕನ್ನು ಕಣ್ಣೆತ್ತಿಯೂ ನೋಡದೆ ತನ್ನ ಹೊಟ್ಟೆಯೊಳಗಿನ ಪುಟ್ಟ ಮೈಕಿನಲ್ಲೇ ಕೇಳಿಸಿಕೊಳ್ಳುತ್ತಿತ್ತು. ಪಟ್ಟಿಯಲ್ಲಿ ಹೊಸದನ್ನು ಆರಿಸಿದಳು. ಆಗಲೂ ಇಲ್ಲ. ರೆಕಾರ್ಡ್ ಮಾಡುವ ಪ್ರೋಗ್ರಾಮಿಗೆ ಮೈಕು ಮುಟ್ಟಲು ಅನುಮತಿಯೇ ಇಲ್ಲವಂತೆ, ಅದು ಇನ್ನೊಂದು ಕಡೆ, ಇನ್ನೊಂದು ಗುಂಡಿ. ಅದನ್ನೂ ಒತ್ತಿದಳು. ಕೊನೆಗೆ ಪರದೆಯ ಮೇಲೆ ಹಸಿರು ಗೆರೆ ಎದ್ದು ಕುಣಿಯಿತು. ಇಷ್ಟು ಹೊತ್ತಿಗೆ ಗುಬ್ಬಿ ಎದ್ದು ಹನ್ನೆರಡು ತಾಸಾಗಿತ್ತು.

ಅಮ್ಮ ಮೂರು ಸಲ ಓದಿದಳು. ಅದು ಸ್ಟುಡಿಯೋದಿಂದ ತಂದ ಪದ್ಧತಿ. ಯಾವ ಸಾಲೇ ಆಗಲಿ ಮೂರು ಸಲ ಓದಬೇಕು, ನಡುವಿನದನ್ನು ಇಟ್ಟುಕೊಳ್ಳಬೇಕು. ಮೊದಲನೆಯದರಲ್ಲಿ ಭಯ ಇರುತ್ತದೆ, ಮೂರನೆಯದರಲ್ಲಿ ಬೇಸರ ಬಂದಿರುತ್ತದೆ. ಈ ಪದ್ಧತಿ ಮನೆಯ ಮೂಳೆಗೇ ಇಳಿದಿತ್ತು. ಚಿಕ್ಕಂದಿನಲ್ಲಿ ಗುಬ್ಬಿ ಪಾಠವನ್ನೂ ಮೂರೇ ಸಲ ಓದುತ್ತಿದ್ದಳು, ಸಾರಿನ ಉಪ್ಪನ್ನೂ ಇವರು ಮೂರೇ ಸಲ ನೋಡುವರು. ಪ್ರೋಗ್ರಾಮಿನ ಪಟ್ಟಿಯಲ್ಲಿ ಹೊಸ ಫೈಲುಗಳು ಮೇಲೆ ಬಂದು ಕೂರುತ್ತಿದ್ದವು. ಮೇಲಿನ ಮೂರರಲ್ಲಿ ನಡುವಿನದನ್ನು ಗುಬ್ಬಿ ಕಳಿಸಿದಳು.

ಮಂಗಳವಾರ ಧ್ವನಿ ವಿಭಾಗದವರ ಉತ್ತರ ಬಂತು. ಬರೆದವನು ಬಹಳ ಮರ್ಯಾದಸ್ಥ ಮನುಷ್ಯ. ಮೇಡಂ ಓದಿದ್ದು ಸೊಗಸಾಗಿದೆ, ಆದರೆ ದನಿ ದೂರದಿಂದ ಬಂದಂತಿದೆ, ಮೈಕು ತಿರುಗಿ ನಿಂತಿರಬಹುದೇ ನೋಡಿ ಎಂದು ಬರೆದಿದ್ದ. ನೋಡಿದರೆ ಹೌದು. ಅಮ್ಮ ಹಳೆಯ ಮೈಕಿನ ಅಭ್ಯಾಸದಲ್ಲಿ ಅದರ ನೆತ್ತಿಗೆ ಬಾಯಿಟ್ಟು ಓದಿದ್ದಳು, ಇದಕ್ಕೆ ಕಿವಿ ಇದ್ದದ್ದು ಎದೆಯಲ್ಲಿ, ಆ ಎದೆಯೋ ಗೋಡೆಯ ಕಡೆಗಿತ್ತು. ನಿನ್ನೆಯೆಲ್ಲ ಗೋಡೆಗೆ ಪಾಠ ಹೇಳಿದ ಹಾಗಾಯಿತು ಎಂದು ಅಮ್ಮ ನಕ್ಕಳು. ತಿರುಗಿಸಿ, ಒಂದು ಗೇಣು ದೂರ ಕೂತು, ಮೂರು ಸಲ ಓದಿದಳು.

ಬುಧವಾರ, ಹಿಂದೆ ಏನೋ ಗುಂಯ್ ಎನ್ನುತ್ತಿದೆ, ನಡುನಡುವೆ ಪಟಪಟ ಎನ್ನುತ್ತಿದೆ ಎಂದು ಬಂತು. ಪಟಪಟಕ್ಕೆ ಕಾರಣ ಬೇಗ ಸಿಕ್ಕಿತು: ನಾಲ್ಕು ವೈರು ಒಟ್ಟಿಗೆ ಸಿಕ್ಕಿಸುವ ಅಗ್ಗದ ಡಬ್ಬಿಯ ಮೂಲಕ ಮೈಕನ್ನು ಸೇರಿಸಿದ್ದಳು, ಅದನ್ನು ತೆಗೆದು ನೇರ ಲ್ಯಾಪ್‌ಟಾಪಿಗೆ ಸಿಕ್ಕಿಸಿದಾಗ ನಿಂತಿತು. ಗುಂಯ್ ಮಾತ್ರ ಮನೆಯೆಲ್ಲ ಸುತ್ತಿಸಿತು. ಟ್ಯೂಬ್‌ಲೈಟು ಆರಿಸಿದರು, ಫ್ಯಾನು ನಿಲ್ಲಿಸಿದರು, ಗಡಿಯಾರ ಕೆಳಗಿಳಿಸಿ ದಿಂಬಿನ ಕೆಳಗಿಟ್ಟರು. ಕೊನೆಗೆ ಅಡುಗೆಮನೆಯ ಫ್ರಿಜ್ಜು ಸಿಕ್ಕಿಬಿತ್ತು. ಅದನ್ನು ಆರಿಸಿದರೆ ಮತ್ತೆ ಹಾಕುವುದು ಮರೆತು ಹಾಲು ಒಡೆಯುತ್ತದೆಂದು ಗುಬ್ಬಿ ಹೇಳಿದಳು. ಅಮ್ಮ ತನ್ನ ಕನ್ನಡಕ ತೆಗೆದು ಫ್ರಿಜ್ಜಿನೊಳಗೆ ಇಟ್ಟು ಬಾಗಿಲು ಹಾಕಿದಳು. ಇನ್ನು ಮರೆಯೋದು ಹೇಗೆ ನೋಡ್ತೀನಿ, ಪೇಪರು ಓದಬೇಕಾದ್ರೆ ಫ್ರಿಜ್ಜು ತೆಗೀಲೇಬೇಕು ಎಂದಳು. ಆ ಒಂದು ಸಾಲು ಬಾಯಿಗೆ ಬರುತ್ತಿದ್ದರಿಂದ ಓದುವುದಕ್ಕೆ ಕನ್ನಡಕ ಬೇಕಿರಲಿಲ್ಲ.

ಆ ಸಲದ ಉತ್ತರ ಒಂದೇ ಗಂಟೆಯಲ್ಲಿ ಬಂತು. ಸದ್ದೆಲ್ಲ ಹೋಗಿದೆ, ಬಹಳ ಚೊಕ್ಕಟವಾಗಿದೆ, ಆದರೆ ದನಿ ಸ್ವಲ್ಪ ತಗ್ಗಿದಂತೆ, ಭಾರವಾದಂತೆ ಕೇಳುತ್ತಿದೆ. ಮೈಕಿನದೊಂದು ಅಂಕಿ, ಪ್ರೋಗ್ರಾಮಿನದೊಂದು ಅಂಕಿ ಇರುತ್ತದೆ, ಎರಡೂ ಹೊಂದದಿದ್ದರೆ ಹೀಗಾಗುತ್ತದೆ, ದಯವಿಟ್ಟು ನೋಡಿ. ಗುಬ್ಬಿ ನೋಡಿದಳು. ಒಂದು ಕಡೆ ನಲವತ್ನಾಲ್ಕು ಸಾವಿರದ ನೂರು ಎಂದಿತ್ತು, ಇನ್ನೊಂದು ಕಡೆ ನಲವತ್ತೆಂಟು ಸಾವಿರ. ಅವಳಿಗೆ ಹೊಟ್ಟೆಯಲ್ಲಿ ಹಾಲು ಹೊಯ್ದ ಹಾಗಾಯಿತು. ಹಾಗಾದರೆ ಇದೇ! ಇದೊಂದೇ! ಎರಡನ್ನೂ ಒಂದೇ ಅಂಕಿಗೆ ತಂದು, ಅಮ್ಮನಿಂದ ಮತ್ತೆ ಮೂರು ಸಲ ಓದಿಸಿದಳು. ಆಮೇಲೆ ಕಚೇರಿಯವರು ಮಾದರಿಗೆಂದು ಕಳಿಸಿದ್ದ ಹಳೆಯ ಹೆರಿಗೆ ಆಸ್ಪತ್ರೆಯನ್ನು ಹೆಡ್‌ಫೋನಿನಲ್ಲಿ ಕೇಳಿ, ಹಿಂದೆಯೇ ಹೊಸ ಕಣ್ಣಾಸ್ಪತ್ರೆಯನ್ನು ಕೇಳಿದಳು.

ಮೈಕಿನಲ್ಲಿ ಯಾವ ದೋಷವೂ ಇರಲಿಲ್ಲ. ಹಳೆಯದರಲ್ಲಿ ಮೂವತ್ತನಾಲ್ಕು ವರ್ಷದವಳೊಬ್ಬಳು ಸಲೀಸಾಗಿ ಮಾತಾಡುತ್ತಿದ್ದಳು. ಹೊಸದರಲ್ಲಿ ಅರವತ್ತೆರಡರವಳು ಮಾತಾಡುತ್ತಿದ್ದಳು, ನಿಲ್ದಾಣ ಎಂಬಲ್ಲಿ ಉಸಿರು ಸಾಲದೆ ದನಿ ಒಂದು ಕೂದಲೆಳೆಯಷ್ಟು ಸೀಳುತ್ತಿತ್ತು. ದಿನಾ ಎದುರು ಕೂತು ಕೇಳುವ ಗುಬ್ಬಿಗೆ ಅದು ಇಷ್ಟು ದಿನ ಕೇಳಿಸಿರಲಿಲ್ಲ. ಅವಳು ಹೆಡ್‌ಫೋನು ತೆಗೆದಿಟ್ಟು, ಅಂಕಿ ಸರಿ ಮಾಡಿದ್ದೀನಿ ಎಂದಷ್ಟೇ ಹೇಳಿ ಫೈಲು ಕಳಿಸಿದಳು.

ಗುರುವಾರ ಲ್ಯಾಬಿನಲ್ಲಿ ಜನ ಕಡಿಮೆಯಾಗುವ ಹೊತ್ತಿಗೆ ಆ ಮರ್ಯಾದಸ್ಥ ಮನುಷ್ಯನೇ ಫೋನು ಮಾಡಿದ. ಸುತ್ತಿ ಬಳಸಿ ಮಾತಾಡಿದ. ಅವನ ತಂದೆ ಕಣ್ಣು ಹೋದ ಮೇಲೆ ಈ ದನಿ ನಂಬಿಕೊಂಡೇ ಊರೆಲ್ಲ ಓಡಾಡುತ್ತಿದ್ದರಂತೆ. ಗುಬ್ಬಿ ಕೈಗವಸು ತೆಗೆಯುತ್ತಾ, ದೋಷ ಮೈಕಿನದಲ್ಲ ಅಲ್ವಾ ಎಂದು ನೇರ ಕೇಳಿದಳು.

ಅವನು ದನಿ ತಗ್ಗಿಸಿ ಹೇಳಿದ, "ಮೈಕಿನದೇ ಅಂತ ಬರೆದಿದ್ದೀನಿ. ನಾಳೆ ಸಂಜೆವರೆಗೂ ಮೈಕಿನದೇ ಅಂತ ಬರೀತೀನಿ. ಅದಕ್ಕಿಂತ ಜಾಸ್ತಿ ನನ್ನ ಕೈಲಿ ಆಗಲ್ಲ ಮೇಡಂ."

ಅವಳು ಥ್ಯಾಂಕ್ಸ್ ಹೇಳಿ ಫೋನಿಟ್ಟಳು. ಮುಂದಿನ ಕುರ್ಚಿಯಲ್ಲಿ ಕೂತ ಹೆಂಗಸು ತೋಳು ಚಾಚಿ, ನಿಮ್ಮ ದನಿ ಎಲ್ಲೋ ಕೇಳಿದ ಹಾಗಿದೆ ನೋಡಿ ಎಂದಳು. ವಾರಕ್ಕೆ ಒಬ್ಬರಾದರೂ ಹೀಗೆ ಹೇಳುವವರಿದ್ದರು. ಹೋದ ಸಲವೂ ನಿಮಗೆ ನಾನೇ ಚುಚ್ಚಿರಬೇಕು ಎಂದು ಗುಬ್ಬಿ ಎಂದಿನಂತೆ ಮಾತು ಮುಗಿಸಿದಳು.

ಅವತ್ತು ಸಂಜೆ ಮತ್ತೆ ವೈರು ಬದಲಿಸುತ್ತಾ ನೆಲದ ಮೇಲೆ ಕೂತಿದ್ದವಳನ್ನು ಅಮ್ಮ ಮೇಲಿನಿಂದ ನೋಡಿದಳು.

"ಕುಣಿಯಲಾರದವಳು ನೆಲ ಡೊಂಕು ಅಂದಳಂತೆ," ಎಂದಳು. "ನೀನು ನಾಲ್ಕು ದಿನದಿಂದ ನೆಲ ರಿಪೇರಿ ಮಾಡ್ತಾ ಇದ್ದೀಯ ಕಣೇ."

ಗುಬ್ಬಿ ತಲೆ ಎತ್ತಲಿಲ್ಲ. ಮೈಕೇ ಸರಿಯಿಲ್ಲ, ನಾಳೆ ಪ್ರೋಗ್ರಾಮನ್ನೇ ತೆಗೆದು ಹೊಸದಾಗಿ ಹಾಕ್ತೀನಿ ಎಂದು ನೆಲಕ್ಕೇ ಹೇಳಿದಳು. ಅಮ್ಮ ಫ್ರಿಜ್ಜಿನಿಂದ ಕನ್ನಡಕ ತೆಗೆದು, ಸೆರಗಿನಲ್ಲಿ ಮಂಜು ಒರೆಸಿಕೊಂಡು ಒಳಗೆ ಹೋದಳು.

ಶುಕ್ರವಾರ ಲ್ಯಾಬಿನಲ್ಲಿ ನೂರ ಹತ್ತು ತೋಳು. ಯಾವುದೋ ಕಾರ್ಖಾನೆಯ ಕೆಲಸಗಾರರೆಲ್ಲ ಒಂದೇ ಸಲ ಬಂದಿದ್ದರು. ಗುಬ್ಬಿ ಮನೆಗೆ ಬಂದದ್ದು ನಾಲ್ಕೂವರೆಗೆ, ಕೈಬೆರಳು ಜೋಮು ಹಿಡಿದಿತ್ತು. ಊಟದ ತಟ್ಟೆಯನ್ನು ಪಕ್ಕಕ್ಕಿಟ್ಟು ಪ್ರೋಗ್ರಾಮು ಕಿತ್ತು ಹಾಕಿದಳು, ಮತ್ತೆ ಇಳಿಸಿಕೊಂಡಳು, ಮತ್ತೆ ಅನುಮತಿ ಕೊಟ್ಟಳು, ಮತ್ತೆ ಅಂಕಿ ಹೊಂದಿಸಿದಳು. ಇದರಿಂದ ಏನೂ ಆಗುವುದಿಲ್ಲವೆಂದು ಗೊತ್ತಿದ್ದೂ ಮಾಡಿದಳು. ಕೈಕಟ್ಟಿ ಕೂರುವುದಕ್ಕಿಂತ ಅದು ಮೇಲು ಅನ್ನಿಸಿತ್ತು, ಅಷ್ಟೆ. ಅಮ್ಮ ಫ್ರಿಜ್ಜು ಆರಿಸಿ, ಕನ್ನಡಕ ಒಳಗಿಟ್ಟು, ಗಂಟಲಿಗೆ ಬಿಸಿನೀರು ಕಾಯಿಸಲು ಅಡುಗೆಮನೆಯಲ್ಲೇ ನಿಂತಳು.

ಮೈಕು ಕೇಳಿಸಿಕೊಳ್ಳುತ್ತಿದೆಯೇ ಎಂದು ನೋಡಬೇಕಿತ್ತು. ಗುಬ್ಬಿ ಗುಂಡಿ ಒತ್ತಿ, ಬಾಯಿಗೆ ಬಂದದ್ದನ್ನೇ ಹೇಳಿದಳು: ಮುಂದಿನ ನಿಲ್ದಾಣ, ಕಣ್ಣಾಸ್ಪತ್ರೆ. ಐದು ದಿನದಿಂದ ಕಿವಿಯಲ್ಲಿ ಕೂತಿದ್ದ ಸಾಲು. ಹಸಿರು ಗೆರೆ ಎದ್ದಿತು. ಒಂದು ಸಲಕ್ಕೆ ನಿಲ್ಲಿಸುವುದು ಆ ಮನೆಯಲ್ಲಿ ಹುಟ್ಟಿದವರಿಗೆ ಬರುವುದಿಲ್ಲ, ಇನ್ನೊಮ್ಮೆ ಓದಿದಳು. ಎರಡನೆಯ ಸಲ ರೋಗಿಯ ತೋಳು ಹಿಡಿದು ಹೇಳುವಂತೆ ಮೆತ್ತಗೆ, ಅವಸರವಿಲ್ಲದೆ ಬಂತು. ಮೂರನೆಯ ಸಲ ಓದುವಾಗ, ಇನ್ನೊಂದು ಗಂಟೆಯಲ್ಲಿ ಇದೆಲ್ಲ ಮುಗಿದುಹೋಗುತ್ತದೆ, ನಾಳೆಯಿಂದ ಬಸ್ಸಿನಲ್ಲಿ ಅಮ್ಮ ಇರುವುದಿಲ್ಲ ಎಂಬುದು ನೆನಪಾಗಿ ಗಂಟಲು ಕಟ್ಟಿತು. ಬೇಗ ಗುಂಡಿ ಒತ್ತಿ ನಿಲ್ಲಿಸಿ ಅಮ್ಮನನ್ನು ಕರೆದಳು.

ಅಮ್ಮ ಬಂದು ಕೂತು ಮೂರು ಸಲ ಓದಿದಳು. ಇದ್ದ ಉಸಿರನ್ನೆಲ್ಲ ಹಾಕಿ ಓದಿದಳು. ಗುಬ್ಬಿ ಹೆಡ್‌ಫೋನು ಹಾಕಿಕೊಳ್ಳಲಿಲ್ಲ, ಕೇಳಿ ಮಾಡುವುದೇನಿದೆ? ಐದೂ ಮುಕ್ಕಾಲಾಗಿತ್ತು. ಪಟ್ಟಿಯಲ್ಲಿ ಮೇಲಿನ ಮೂರರ ನಡುವಿನದನ್ನು ಹಿಡಿದು ಕಳಿಸಿ, ಲ್ಯಾಪ್‌ಟಾಪು ಮುಚ್ಚಿ, ಅದರ ಪಕ್ಕದಲ್ಲೇ ತಲೆಯಿಟ್ಟು ನಿದ್ದೆ ಹೋದಳು.

ಉತ್ತರ ರಾತ್ರಿಯೇ ಅಮ್ಮನ ಫೋನಿಗೆ ಬಂದಿತ್ತು, ಅವಳು ನೋಡಿದ್ದು ಶನಿವಾರ ಬೆಳಗ್ಗೆ. ಗುಬ್ಬಿ ಕೆಲಸಕ್ಕೆ ಹೊರಟು ಬಾಗಿಲಲ್ಲಿದ್ದಳು. ಅಮ್ಮ ಗಟ್ಟಿಯಾಗಿ ಓದಿದಳು. ಅಂತೂ ಮೈಕು ಸರಿಹೋಯಿತು ಮೇಡಂ. ಇದೇ ದನಿ ಬೇಕಾಗಿದ್ದದ್ದು. ಹಳೆಯದರ ಪಕ್ಕ ಇಟ್ಟು ನಾಲ್ಕು ಜನ ಕೇಳಿದೆವು, ಯಾರಿಗೂ ವ್ಯತ್ಯಾಸ ಗೊತ್ತಾಗಲಿಲ್ಲ. ಎರಡು ವಾರದಲ್ಲಿ ಬಸ್ಸುಗಳಿಗೆ ಹಾಕುತ್ತೇವೆ. ಓದಿ ಮುಗಿಸಿ ಅಮ್ಮ ಗೋಡೆ ಹಿಡಿದುಕೊಂಡು ಕೂತಳು. ಅಷ್ಟು ಹೊತ್ತಿನವರೆಗೆ ಎಷ್ಟು ಹೆದರಿದ್ದಳೆಂಬುದು ಆಗ ಕಾಣಿಸಿತು. ನನ್ನದೇನಿಲ್ಲ ಕಣೇ, ನೆಲವೇ ಡೊಂಕಾಗಿತ್ತು ಎಂದು ನಗಲು ಹೋಗಿ ಕಣ್ಣು ಒರೆಸಿಕೊಂಡಳು.

ಗುಬ್ಬಿಗೆ ನಂಬಿಕೆ ಬರಲಿಲ್ಲ. ಲ್ಯಾಬಿನ ಔಷಧಿ ಕೋಣೆಯಲ್ಲಿ ನಿಂತು, ತಾನು ಕಳಿಸಿದ ಫೈಲನ್ನು ಫೋನಿನಲ್ಲಿ ತೆರೆದು ಕಿವಿಗಿಟ್ಟುಕೊಂಡಳು. ಒಂದು ಕ್ಷಣ ಅವಳಿಗೂ ಅದು ಹಳೆಯ ಅಮ್ಮನೇ ಎನ್ನಿಸಿತು. ಆಮೇಲೆ ಇನ್ನೆರಡು ಸಲ ಕೇಳಿದಳು. ಸಂಜೆ ಲ್ಯಾಪ್‌ಟಾಪು ತೆರೆದು ನೋಡಿದರೆ, ಹೊಸದಾಗಿ ಹಾಕಿದ ಪ್ರೋಗ್ರಾಮು ಹಿಂದಿನ ದಿನಗಳದ್ದನ್ನೆಲ್ಲ ಅಳಿಸಿ, ಪಟ್ಟಿಯನ್ನು ತಲೆಕೆಳಗು ಮಾಡಿತ್ತು. ಮೊದಲು ಓದಿದ್ದು ಮೇಲೆ, ಕೊನೆಗೆ ಓದಿದ್ದು ಕೆಳಗೆ. ಮೇಲಿನ ಮೂರು ಅವಳವು, ಪರೀಕ್ಷೆಗೆಂದು ಓದಿದವು. ಅಮ್ಮನ ಮೂರು ಕೆಳಗೆ ಹಾಗೇ ಉಳಿದಿದ್ದವು.

ತಾಯಿಯಂತೆ ಮಗಳು ಎನ್ನುವವರು ಮೂಗು ನೋಡುತ್ತಾರೆ, ಸಿಟ್ಟು ನೋಡುತ್ತಾರೆ. ದನಿಯ ಸುದ್ದಿ ಯಾರೂ ಎತ್ತಿರಲಿಲ್ಲ. ಅಥವಾ ವಾರಕ್ಕೊಬ್ಬರು ತೋಳು ಚಾಚಿಕೊಂಡು ಎತ್ತಿದ್ದರು, ಇವಳು ಕೇಳಿಸಿಕೊಂಡಿರಲಿಲ್ಲ.

ಆಮೇಲಿನ ಎರಡು ವಾರ ಆ ವಿಷಯ ಅವಳ ಬಾಯಲ್ಲಿ ಬಿಸಿತುಪ್ಪದ ಹಾಗೆ ಕೂತಿತ್ತು, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ಹೇಳಿದರೆ ಇನ್ನೂರ ಹದಿನಾಲ್ಕೂ ಹೋಗುತ್ತವೆ, ಅಮ್ಮನ ನಗುವೂ ಹೋಗುತ್ತದೆ. ಹೇಳದಿದ್ದರೆ ಅಮ್ಮ ತನ್ನದಲ್ಲದ್ದನ್ನು ತನ್ನದೆಂದು ಊರಿಗೆಲ್ಲ ಹೇಳಿಕೊಂಡು ಬರುತ್ತಾಳೆ. ಹೇಳಿಕೊಂಡೂ ಬರುತ್ತಿದ್ದಳು. ಎದುರು ಮನೆಯಾಕೆಯನ್ನು ಕೂರಿಸಿಕೊಂಡು, ಮುಖಕ್ಕೆ ವಯಸ್ಸಾಗುತ್ತೆ, ದನಿಗೆ ಆಗಲ್ಲವಂತೆ ಎಂದು ಉಪದೇಶ ಮಾಡುತ್ತಿದ್ದಳು. ಕಳಿಸಿದ್ದು ಕೇಳಿಸೇ ಎಂದು ಎರಡು ಸಲ ಕೇಳಿದಾಗ ಗುಬ್ಬಿ ಒಮ್ಮೆ ಚಾರ್ಜ್ ಇಲ್ಲವೆಂದಳು, ಒಮ್ಮೆ ನಿದ್ದೆ ಬಂದ ಹಾಗೆ ಮಾಡಿದಳು. ಹಾಗೆ ಮಾಡುವುದೇನೂ ಕಷ್ಟವಿರಲಿಲ್ಲ, ನಿದ್ದೆ ಯಾವಾಗಲೂ ಬಂದೇ ಇರುತ್ತಿತ್ತು.

ಮೂರನೆಯ ಭಾನುವಾರ ಅಮ್ಮ ಮತ್ತೆ ಇಸ್ತ್ರಿ ಬಟ್ಟೆ ಉಟ್ಟು ಬಾಗಿಲಲ್ಲಿ ನಿಂತಳು. ಟಿಕೆಟ್ ತೆಗೆದೇ ಬಿಡೋಣ ನಡೆ ಎಂದಳು. ಗುಬ್ಬಿ ಕಾಲು ನೋವೆಂದಳು. ಬಸ್ಸಲ್ಲಿ ಕೂರೋದಕ್ಕೆ ಕಾಲು ಯಾಕೆ ಎಂದು ಅಮ್ಮ ಚಪ್ಪಲಿ ಹಾಕಿಕೊಂಡಳು.

ಬಸ್ಸಿನಲ್ಲಿ ಅಷ್ಟೇನೂ ಜನ ಇರಲಿಲ್ಲ. ಡ್ರೈವರಿನ ಹಿಂದಿನ ಸೀಟಿನಲ್ಲಿ ಇಬ್ಬರೂ ಕೂತರು. ಮುಂದಿನ ನಿಲ್ದಾಣ, ಗಡಿಯಾರದ ಕಂಬ ಎಂದಿತು ತಲೆಯ ಮೇಲಿನ ಡಬ್ಬಿ. ಅಮ್ಮ ಕೈಗಳನ್ನು ಮಡಿಲಲ್ಲಿಟ್ಟುಕೊಂಡು, ಯಾರದೋ ಮನೆಗೆ ಹೊಸದಾಗಿ ಹೋದವಳ ಹಾಗೆ ನೆಟ್ಟಗೆ ಕೂತು ಕೇಳಿದಳು. ಹೆರಿಗೆ ಆಸ್ಪತ್ರೆ ಬಂತು, ನ್ಯಾಯಾಲಯ ಬಂತು. ಈಗ ಹೇಳಿಬಿಡಬೇಕೆಂದು ಗುಬ್ಬಿ ಎರಡು ಸಲ ಬಾಯಿ ತೆರೆದಳು, ಎರಡು ಸಲವೂ ಬಸ್ಸು ತಿರುವಿನಲ್ಲಿ ವಾಲಿತು, ಅದೇ ನೆಪವಾಯಿತು.

ಮುಂದಿನ ನಿಲ್ದಾಣ, ಕಣ್ಣಾಸ್ಪತ್ರೆ.

ಒಂದು ಕಣ್ಣಿಗೆ ಬಿಳಿ ಪಟ್ಟಿ ಕಟ್ಟಿದ ಮುದುಕನೊಬ್ಬ ಅದನ್ನು ಕೇಳಿ ಕಂಬಿ ತಡವಿಕೊಂಡು ಎದ್ದ. ದಯವಿಟ್ಟು ಹೆಜ್ಜೆ ನೋಡಿ ಇಳಿಯಿರಿ ಎಂದು ಹಳೆಯ ದನಿ ಹೊಸದಕ್ಕೆ ಸೇರಿಕೊಂಡಿತು. ಮುದುಕ ಒಂದೊಂದೇ ಕಾಲು ಇಟ್ಟು ಇಳಿದ. ಅಮ್ಮ ಕಿಟಕಿಯಿಂದ ಅವನು ಗೇಟಿನವರೆಗೆ ಹೋಗುವುದನ್ನು ನೋಡಿದಳು. ಬಸ್ಸು ಹೊರಟಿತು. ಇನ್ನೂ ಎರಡು ನಿಲ್ದಾಣ ಹೋದವು. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ, ಆದರೆ ಎರಡು ವಾರ ಇದ್ದ ಬೆಳಕೂ ಇರಲಿಲ್ಲ. ಅದನ್ನು ನೋಡಲಾರದೆ ಗುಬ್ಬಿ ತನ್ನ ಕಾಲು ನೋಡಿಕೊಂಡಳು.

"ನಡುವಿನದಾ ಕಳಿಸಿದ್ದು?" ಅಮ್ಮ ಕೇಳಿದಳು.

"ಹೂಂ."

"ನಡುವಿನದೇ ಸರಿ. ಮೊದಲನೇದರಲ್ಲಿ ನೀನು ಅವಸರ ಮಾಡಿದ್ದೆ." ಅಮ್ಮ ಕಿಟಕಿಯ ಕಡೆಗೇ ನೋಡುತ್ತಿದ್ದಳು. "ಮೂರನೇದರಲ್ಲಿ ನಿನಗೆ ಅಳು ಬಂದಿತ್ತು. ನಾನು ಒಲೆ ಹತ್ರ ನಿಂತಿದ್ದೆನಲ್ಲ, ಕೇಳಿಸ್ತು."

ಗುಬ್ಬಿ ಅಮ್ಮನ ಕಡೆ ತಿರುಗಿದಳು. "ಬೇಕಂತ ಮಾಡಿದ್ದಲ್ಲಮ್ಮ. ಪಟ್ಟಿ ತಲೆಕೆಳಗಾಗಿತ್ತು."

"ಗೊತ್ತು. ಬೇಕಂತ ಮಾಡೋಳಾಗಿದ್ರೆ ಅಷ್ಟು ದಿನ ನೆಲ ರಿಪೇರಿ ಮಾಡ್ತಿದ್ದೆಯಾ?"

ಹಾಗಾದರೆ ಕಚೇರಿಗೆ ನಿಜ ಬರೆದುಬಿಡಲೇ ಎಂದು ಗುಬ್ಬಿ ಕೇಳಿದಳು. ಅಮ್ಮ ಬೇಡವೆಂದು ತಲೆಯಾಡಿಸಿದಳು. ನಿಜ ಮುಚ್ಚಿಟ್ಟುಕೊಂಡು ಕೂರುವ ವಯಸ್ಸಲ್ಲ ನನ್ನದು, ನಾಳೆ ನಾನೇ ಹೋಗಿ ಅವರಿಗೆ ಹೇಳ್ತೀನಿ, ಇಟ್ಟುಕೊಂಡರೆ ಇಟ್ಟುಕೊಳ್ಳಲಿ, ತೆಗೆದರೆ ತೆಗೆಯಲಿ ಎಂದಳು. ಪಟ್ಟಿ ಕಟ್ಟಿಕೊಂಡವನು ಸರಿಯಾದ ಜಾಗದಲ್ಲಿ ಇಳಿದನಲ್ಲ, ಇವತ್ತಿಗೆ ಅಷ್ಟು ಸಾಕು ಎಂದೂ ಹೇಳಿದಳು. ಮಾತಾಡುವಾಗ ಅವಳ ದನಿ ಸೀಳುತ್ತಲೇ ಇತ್ತು. ಈಗ ಅದನ್ನು ಮುಚ್ಚಿಕೊಳ್ಳುವ ಪ್ರಯತ್ನ ಮಾಡಲಿಲ್ಲ.

ಬಸ್ಸು ಸುತ್ತು ಮುಗಿಸಿ ಹಿಂತಿರುಗಿ, ಮನೆಯ ಹತ್ತಿರದ ನಿಲ್ದಾಣ ಬಂತು. ಇಬ್ಬರೂ ಎದ್ದರು. ದಯವಿಟ್ಟು ಹೆಜ್ಜೆ ನೋಡಿ ಇಳಿಯಿರಿ ಎಂದು ಮೂವತ್ತನಾಲ್ಕು ವರ್ಷದ ಅಮ್ಮ ಎಲ್ಲರಿಗೂ ಹೇಳಿದಳು. ಗುಬ್ಬಿ ಎಲ್ಲರ ಹಾಗೆ ಕೇಳಿಯೂ ಕೇಳದವಳಾಗಿ ಬಾಗಿಲ ಕಡೆ ಹೊರಟಳು. ಹಿಂದಿನಿಂದ ಒಂದು ಕೈ ಅವಳ ತೋಳು ಹಿಡಿಯಿತು, ಎಂಬತ್ತು ತೋಳು ಹಿಡಿಯುವವಳ ತೋಳನ್ನು.

"ಹೆಜ್ಜೆ ನೋಡಿ ಇಳಿಯೇ ಗುಬ್ಬಿ," ಎಂದಳು ಅಮ್ಮ, ಅರವತ್ತೆರಡರ ದನಿಯಲ್ಲಿ.

ಗುಬ್ಬಿ ನೋಡಿ ಇಳಿದಳು.